ಮ್ಯೂನಿಕ್‌ನ ಹಳೇ ಊರು, ಬೆಂಗಳೂರಿನ ಪೇಟೆ

ಊರಿಂದ ನೆಂಟರು, ಗೆಳೆಯರು ಮ್ಯೂನಿಕ್‌ಗೆ ಬಂದರೆ ಎಲ್ಲರನ್ನೂ ಮರಿಯೆನ್‌ಪ್ಲಾಟ್ಸ್‌ಗೆ ಕರೆದುಕೊಂಡು ಹೋಗುತ್ತೇನೆ. ಊರ ನಟ್ಟನಡುವಿನ ಚೌಕ ಅದು. ಒಂದು ಪಕ್ಕ ನಗರಸಭೆಯ ದೊಡ್ಡ ಕಟ್ಟಡ. ನಡುವೆ ಮೇರಿ ಮಾತೆಯ ಹೊನ್ನಿನ ಬಣ್ಣದ ಮೂರ್ತಿ ಹೊತ್ತ ಕಂಬ. ಸುತ್ತ ಬರೀ ಜನ. ಕಾರಿಲ್ಲ, ಹಾರ್ನ್ ಇಲ್ಲ. ಸ್ವಲ್ಪ ಹೊತ್ತು ನೋಡಿದ ಮೇಲೆ ಹೆಚ್ಚಿನವರು ಹೇಳುವ ಮಾತು ಒಂದೇ: "ಇವರಿಗೆ ಶಿಸ್ತು ಇದೆ. ನಮ್ಮಲ್ಲಿ ಇದೆಲ್ಲ ಆಗಲ್ಲ ಬಿಡಿ."

ಈ ಮಾತನ್ನು ನಾನು ಒಪ್ಪುವುದಿಲ್ಲ. ಅದೇ ಚೌಕದ 1960ರ ದಶಕದ ಫೋಟೋಗಳನ್ನು ನೋಡಿ. ನಮ್ಮ ಯಾವುದೋ ಸರ್ಕಲ್ ಥರಾನೇ ಕಾಣುತ್ತದೆ. ಟ್ರಾಮ್, ಕಾರು, ಬಸ್ಸು, ಲಾರಿ. ಫುಟ್‌ಪಾತಿನ ಅಂಚಿಗೆ ಒತ್ತಿಕೊಂಡು ನಡೆಯುವ ಜನ. ಆಗ ಅಲ್ಲಿದ್ದವರೂ ಇದೇ ಊರಿನವರು, ಇದೇ ಜರ್ಮನ್ನರು. ಅವರ ಶಿಸ್ತು ಆಗಲೂ ಅಷ್ಟೇ ಇತ್ತು. ಆದರೂ ಚೌಕ ಕಾರುಗಳ ಪಾಲಾಗಿತ್ತು. ಆಮೇಲೆ ಬದಲಾಗಿದ್ದು ಜನರ ಗುಣವಲ್ಲ. ಊರು ಕೂತು ಕೆಲವು ತೀರ್ಮಾನ ಮಾಡಿತು, ಅವಕ್ಕೆ ಅಂಟಿಕೊಂಡಿತು. ಆ ತೀರ್ಮಾನಗಳಿಗೆ ಇಸವಿ ಇದೆ, ಜಗಳದ ಚರಿತ್ರೆ ಇದೆ. ಅವನ್ನು ತಿಳಿದುಕೊಂಡರೆ "ನಮ್ಮಲ್ಲಿ ಆಗಲ್ಲ" ಅನ್ನುವುದು ಅಷ್ಟು ಸುಲಭವಲ್ಲ.

1966ರಲ್ಲಿ ಮ್ಯೂನಿಕ್‌ಗೆ 1972ರ ಒಲಿಂಪಿಕ್ಸ್ ಸಿಕ್ಕಿತು. ಆಗ ಮೇಯರ್ ಆಗಿದ್ದವರು ಹಾನ್ಸ್ ಯೊಖೆನ್ ಫೋಗೆಲ್. 1960ರಲ್ಲಿ ಆರಿಸಿ ಬಂದಾಗ ಅವರಿಗೆ 34 ವರ್ಷ. ಅವರ ಕಾಲದಲ್ಲಿ, 1963ರಲ್ಲಿ, ಊರಿಗೆ ಒಂದು ದೊಡ್ಡ ಯೋಜನೆ ತಯಾರಾಯಿತು. ಅದರಲ್ಲಿ ಎರಡೂ ಇತ್ತು: ಹೊರಗಿನಿಂದ ನುಗ್ಗಿ ಬರುವ ಅಗಲ ರಸ್ತೆಗಳು, ಮತ್ತು ಹಳೇ ಊರಿನ ಒಳಗೆ ನಡೆಯುವವರಿಗೇ ಮೀಸಲಾದ ಬೀದಿ. ಅಂದರೆ ಅವರೇನು ಕಾರಿನ ವಿರೋಧಿಗಳಾಗಿರಲಿಲ್ಲ. ಹಳೇ ಊರಿನ ಸುತ್ತ ರಿಂಗ್ ರೋಡ್ ಹಾಕಲು ಮ್ಯಾಕ್ಸಿಮಿಲಿಯನ್ ಸ್ಟ್ರಾಸೆಯ ಚಂದದ ಕಟ್ಟಡ ಸಾಲನ್ನು ನಡುವೆ ಸೀಳಿದರು. ಜನ ಸಿಟ್ಟಿಗೆದ್ದರು. ಆ ಗಲಾಟೆಯಿಂದಲೇ 1968ರಲ್ಲಿ ಮ್ಯೂನ್‌ಶ್ನರ್ ಫೋರುಮ್ ಹುಟ್ಟಿತು. ಊರಿನ ಯೋಜನೆಗಳ ಬಗ್ಗೆ ನಾಗರಿಕರು ಕೂತು ಚರ್ಚಿಸುವ ವೇದಿಕೆ ಅದು. ಇವತ್ತಿಗೂ ನಡೆಯುತ್ತಿದೆ.

ಮುಂದೆ ಆದದ್ದರ ಅನುಕ್ರಮ ನೋಡಿ. 1971ರ ಅಕ್ಟೋಬರ್‌ನಲ್ಲಿ ಮೆಟ್ರೋ ಶುರುವಾಯಿತು. ಇಲ್ಲಿ ಅದಕ್ಕೆ ಊ-ಬಾನ್ ಅನ್ನುತ್ತಾರೆ. 1972ರ ಬೇಸಿಗೆಗೆ ಮುಂಚೆ ಎಸ್-ಬಾನ್, ಅಂದರೆ ಸುತ್ತಲಿನ ಊರುಗಳಿಂದ ಬರುವ ಲೋಕಲ್ ರೈಲು, ಹಳೇ ಊರಿನ ಅಡಿಯ ಸುರಂಗದಲ್ಲಿ ಓಡತೊಡಗಿತು. ಎರಡೂ ಮರಿಯೆನ್‌ಪ್ಲಾಟ್ಸ್‌ನ ಕೆಳಗೇ ಸೇರುತ್ತವೆ. ಅದಾದ ಮೇಲೆ, ಜೂನ್ ಕೊನೆಗೆ, ಕಾರ್ಲ್ಸ್‌ಪ್ಲಾಟ್ಸ್ ಅನ್ನುವ ಇನ್ನೊಂದು ಚೌಕದಿಂದ ಮರಿಯೆನ್‌ಪ್ಲಾಟ್ಸ್‌ವರೆಗಿನ ಬೀದಿಯನ್ನು ನಡೆಯುವವರಿಗೆ ಬಿಟ್ಟರು. ಮೊದಲು ರೈಲು ಕೊಟ್ಟರು, ಆಮೇಲೆ ಕಾರು ತೆಗೆದರು. ಹಳ್ಳಿಯಿಂದ ಬರುವ ಅಜ್ಜಿಗೂ ಅಂಗಡಿ ಕೆಲಸಕ್ಕೆ ಬರುವ ಹುಡುಗಿಗೂ ಚೌಕದ ನಡುವೆಯೇ ಇಳಿಯುವ ದಾರಿ ಆಗಲೇ ಸಿಕ್ಕಿತ್ತು. ಹಾಗಾಗಿ ಕಾರು ಹೋದದ್ದು ಯಾರಿಗೂ ಶಿಕ್ಷೆ ಅನ್ನಿಸಲಿಲ್ಲ.

ಇದನ್ನು ಓದುವಾಗಲೆಲ್ಲ ನನಗೆ ಚಿಕ್ಕಪೇಟೆ ಮೆಟ್ರೋ ನಿಲ್ದಾಣ ಕಣ್ಮುಂದೆ ಬರುತ್ತದೆ. 2017ರ ಜೂನ್‌ನಲ್ಲಿ ಹಸಿರು ಮಾರ್ಗದ ಸುರಂಗ ತೆರೆದಾಗ ಚಿಕ್ಕಪೇಟೆ, ಕೆ.ಆರ್. ಮಾರ್ಕೆಟ್ ಎರಡಕ್ಕೂ ನಿಲ್ದಾಣ ಬಂತು. ಮ್ಯೂನಿಕ್‌ಗೆ 1972ರಲ್ಲಿ ಸಿಕ್ಕ ಅವಕಾಶವೇ ನಮಗೆ ಅವತ್ತು ಸಿಕ್ಕಿತು. ಆದರೆ ಮೆಟ್ಟಿಲು ಹತ್ತಿ ಹೊರಗೆ ಬಂದರೆ ಏನಿದೆ? ಕಾಲಿಡಲು ಜಾಗವಿಲ್ಲ. ಆಟೋ, ಸ್ಕೂಟರು, ಬೇಲು ಹೊತ್ತ ತಳ್ಳುಗಾಡಿ, ಅಡ್ಡ ನಿಲ್ಲಿಸಿದ ಕಾರು. ಸೀರೆ ಕೊಳ್ಳಲು ಬಂದ ಹೆಂಗಸರು ಒಬ್ಬರ ಹಿಂದೆ ಒಬ್ಬರು ಸಾಲಾಗಿ ನಡೆಯಬೇಕು. ರೈಲು ಬಂದರೂ ಬೀದಿ ಇದ್ದ ಹಾಗೇ ಇದೆ. ಅರ್ಧ ಕೆಲಸ ಮಾಡಿ ಬಿಟ್ಟಿದ್ದೇವೆ ಅನ್ನುವುದೇ ನನ್ನ ಸಂಕಟ.

ಹಾಗೆ ನೋಡಿದರೆ ಈ ಎರಡು ಜಾಗಗಳು ಮೂಲದಲ್ಲಿ ಬಹಳ ಹತ್ತಿರ. ಮ್ಯೂನಿಕ್ ತನ್ನ ಹುಟ್ಟನ್ನು 1158ರಿಂದ ಎಣಿಸುತ್ತದೆ. ಉಪ್ಪಿನ ವ್ಯಾಪಾರದ ದಾರಿಯಲ್ಲಿ ಸುಂಕ, ಸೇತುವೆ, ಸಂತೆ ಸೇರಿ ಬೆಳೆದ ಊರು. ಬೆಂಗಳೂರಿನ ಪೇಟೆಯನ್ನು ಕೆಂಪೇಗೌಡರು 1537ರಲ್ಲಿ ಕಟ್ಟಿಸಿದರು. ಎರಡಕ್ಕೂ ಕೋಟೆಗೋಡೆ ಇತ್ತು, ಬಾಗಿಲುಗಳಿದ್ದವು. ಇಲ್ಲಿ ಕಾರ್ಲ್ಸ್‌ಟೋರ್, ಸೆಂಡ್ಲಿಂಗರ್ ಟೋರ್, ಇಸಾರ್‌ಟೋರ್ ಅನ್ನುವ ಮೂರು ಬಾಗಿಲು ಈಗಲೂ ನಿಂತಿವೆ. ನಮ್ಮಲ್ಲಿ ಹಲಸೂರು ಗೇಟ್ ಅನ್ನುವುದು ಪೊಲೀಸ್ ಠಾಣೆಯ ಹೆಸರಿನಲ್ಲಿ ಉಳಿದಿದೆ. ಇಲ್ಲಿ ದನದ ಸಂತೆಯ ಬೀದಿ, ಬಣ್ಣಗಾರರ ಬೀದಿ, ಪೀಪಾಯಿ ಮಾಡುವವರ ಬೀದಿ. ಅಲ್ಲಿ ಅಕ್ಕಿಪೇಟೆ, ರಾಗಿಪೇಟೆ, ಅರಳೆಪೇಟೆ, ಕುಂಬಾರಪೇಟೆ, ಬಳೇಪೇಟೆ. ಕಾರ್ಲ್ಸ್‌ಟೋರ್‌ನಿಂದ ಇಸಾರ್‌ಟೋರ್‌ಗೆ ಅರ್ಧ ಗಂಟೆಯೊಳಗೆ ನಡೆದು ಹೋಗಬಹುದು. ಪೇಟೆಯನ್ನೂ ನಡೆಯುವ ಕಾಲಿನ ಅಳತೆಗೇ ಕಟ್ಟಿದ್ದು. ದೊಡ್ಡಪೇಟೆ ಮತ್ತು ಚಿಕ್ಕಪೇಟೆ ಕೂಡುವ ಜಾಗ ಕೂಡ ಒಂದು ಚೌಕವೇ.

ಈಗ ಮ್ಯೂನಿಕ್‌ನ ಇನ್ನೊಂದು ತೀರ್ಮಾನಕ್ಕೆ ಬರುತ್ತೇನೆ. ಪ್ರವಾಸಿಗಳಿಗೆ ಇದು ಗೊತ್ತಿರುವುದಿಲ್ಲ. ಇಲ್ಲಿ "ಹಳೇ ಊರು" ಅಂತ ನಾವು ನೋಡುವುದರಲ್ಲಿ ಬಹುಪಾಲು 1945ರ ನಂತರ ಮತ್ತೆ ಕಟ್ಟಿದ್ದು. ಯುದ್ಧದ ಬಾಂಬಿಗೆ ಇಡೀ ನಗರದ ಅರ್ಧದಷ್ಟು ನಾಶವಾದರೆ, ಹಳೇ ಊರಿನ ಸುಮಾರು 90 ಶೇಕಡಾ ನೆಲಕಚ್ಚಿತ್ತು. ಫ್ರೌಎನ್‌ಕಿರ್ಖೆ ಅನ್ನುವ ಜೋಡಿಗೋಪುರದ ದೊಡ್ಡ ಚರ್ಚಿನ ಚಾವಣಿ ಕುಸಿದಿತ್ತು. ಪಕ್ಕದ ಸಂತ ಪೀಟರ್ ಚರ್ಚಿನ ಗೋಪುರ ಸುಟ್ಟು ಮೊಂಡಾಗಿತ್ತು. ಮ್ಯೂನಿಕ್ ಇರುವ ಬವೇರಿಯಾ ರಾಜ್ಯದ ರೇಡಿಯೋ ಈ ಚರ್ಚಿನ ಹೆಸರಿರುವ ಹಾಡಿನ ಸ್ವರವನ್ನು ಕಾರ್ಯಕ್ರಮಗಳ ನಡುವೆ ನುಡಿಸುತ್ತಿತ್ತು. ಯುದ್ಧದ ನಂತರ ಕೊನೆಯ ಸ್ವರ ಒಂದನ್ನು ಬಿಟ್ಟು ನುಡಿಸಿದರು. 1951ರಲ್ಲಿ ಗೋಪುರ ಮತ್ತೆ ಎದ್ದು ನಿಂತ ಮೇಲೆ ಸ್ವರ ಪೂರ್ತಿಯಾಯಿತು.

ಊರೆಲ್ಲ ಕಲ್ಲುಮಣ್ಣಿನ ರಾಶಿಯಾಗಿದ್ದಾಗ ಎರಡು ದಾರಿ ಇದ್ದವು. ಎಲ್ಲ ಗುಡಿಸಿ ಹೊಸ ಕಾಲಕ್ಕೆ ಹೊಸ ಊರು ಕಟ್ಟುವುದು ಒಂದು. ಹಾನೋವರ್ ಹೆಚ್ಚುಕಡಿಮೆ ಆ ದಾರಿ ಹಿಡಿಯಿತು, ಅಗಲವಾದ ರಸ್ತೆಗಳ ಊರಾಯಿತು. ಮ್ಯೂನಿಕ್‌ನಲ್ಲಿ ಕಾರ್ಲ್ ಮೈಟಿಂಗರ್ ಅನ್ನುವ ನಗರ ಕಟ್ಟಡ ಮುಖ್ಯಸ್ಥರು ಇನ್ನೊಂದು ದಾರಿ ಹೇಳಿದರು. ಹಳೇ ಬೀದಿಗಳ ಗೆರೆ ಹಾಗೇ ಇರಲಿ, ಊರಿನ ಮುಖ್ಯ ಕಟ್ಟಡಗಳನ್ನು ಮತ್ತೆ ಎತ್ತೋಣ, ಬೇಕಾದ ಕಡೆ ರಸ್ತೆಯನ್ನು ಸ್ವಲ್ಪ ಅಗಲ ಮಾಡೋಣ ಅಂತ. ಹಸಿದ ಊರು ಅದು. ಮಲಗಲು ಸೂರಿಲ್ಲದ ಜನ ಇದ್ದ ಕಾಲ. ಆಗಲೂ ಹಳೇ ಗೆರೆ ಉಳಿಸಿಕೊಳ್ಳುವ ಮನಸ್ಸು ಮಾಡಿದರಲ್ಲ, ಅದಕ್ಕೆ ನಾನು ತಲೆಬಾಗುತ್ತೇನೆ.

ಫ್ರಾಂಕ್‌ಫರ್ಟ್‌ನ ಕಥೆ ಬೇರೆ. ಯುದ್ಧದಲ್ಲಿ ಸುಟ್ಟ ಹಳೇ ಊರಿನ ಜಾಗದಲ್ಲಿ 1970ರ ದಶಕದಲ್ಲಿ ಕಾಂಕ್ರೀಟಿನ ದೊಡ್ಡ ಕಚೇರಿ ಕಟ್ಟಿದರು. 2010ರ ಹೊತ್ತಿಗೆ ಅದನ್ನೇ ಒಡೆದರು. 2018ರಲ್ಲಿ ಅಲ್ಲಿ ಹಳೇ ಮನೆಗಳನ್ನು ಮತ್ತೆ ಕಟ್ಟಿ ಮುಗಿಸಿದರು. ಒಂದು ಸಲ ಅಳಿಸಿದ್ದನ್ನು ಮತ್ತೆ ಬರೆಯಲು ಎಪ್ಪತ್ತು ವರ್ಷ ಮತ್ತು ರಾಶಿ ಹಣ ಬೇಕಾಯಿತು.

ನಾನು ಹುಟ್ಟಿ ಬೆಳೆದದ್ದು ಮೈಸೂರಿನಲ್ಲಿ. ಅಲ್ಲಿ ಬಾಂಬ್ ಬೀಳಲಿಲ್ಲ. ಆದರೂ 2012ರಲ್ಲಿ ಲ್ಯಾನ್ಸ್‌ಡೌನ್ ಕಟ್ಟಡದ ಒಂದು ಭಾಗ ಕುಸಿದು ಜೀವಗಳು ಹೋದವು. 2016ರಲ್ಲಿ ದೇವರಾಜ ಮಾರುಕಟ್ಟೆಯ ಒಂದು ತುದಿ ಬಿತ್ತು. ಅಲ್ಲಿಂದ ಶುರುವಾದ ವಾದ ಎಲ್ಲರಿಗೂ ಗೊತ್ತು: ಒಡೆದು ಹೊಸದು ಕಟ್ಟಬೇಕೋ, ರಿಪೇರಿ ಮಾಡಬೇಕೋ. ನನ್ನ ಮಾತು ಸ್ಪಷ್ಟ. ಚಾವಣಿಯೇ ಇಲ್ಲದೆ ಸುಟ್ಟು ನಿಂತ ಗೋಡೆಗಳನ್ನು 1940ರ ದಶಕದಲ್ಲಿ, ಅಷ್ಟು ಬಡತನದಲ್ಲಿ ಎತ್ತಿ ನಿಲ್ಲಿಸಲು ಆಯಿತು ಅಂದರೆ, ದೇವರಾಜ ಮಾರುಕಟ್ಟೆಯನ್ನು ನಮ್ಮ ಕಾಲದಲ್ಲಿ ಉಳಿಸಲು ಆಗುವುದಿಲ್ಲ ಅನ್ನುವ ಮಾತಿಗೆ ಬೆಲೆ ಇಲ್ಲ. ಸೋರುವ ಸೂರನ್ನು ವರ್ಷ ವರ್ಷ ನೋಡಿಕೊಳ್ಳದೆ ಬಿಟ್ಟು, ಕೊನೆಗೆ "ಶಿಥಿಲ" ಅಂತ ಬೋರ್ಡ್ ಹಾಕುವುದು ನನಗೆ ತುಂಬಾ ನೋವು ಕೊಡುತ್ತದೆ.

ಮಾರುಕಟ್ಟೆಯ ಮಾತು ಬಂದಿದ್ದರಿಂದ ಇಲ್ಲಿನದನ್ನೂ ಹೇಳಬೇಕು. ಮರಿಯೆನ್‌ಪ್ಲಾಟ್ಸ್‌ನಿಂದ ಎರಡು ನಿಮಿಷ ನಡೆದರೆ ವಿಕ್ಟುವಾಲಿಯೆನ್‌ಮಾರ್ಕ್ಟ್. ಮೊದಲು ಸಂತೆ ಚೌಕದಲ್ಲೇ ನಡೆಯುತ್ತಿತ್ತು. ಜಾಗ ಸಾಲದಾಯಿತು. 1807ರಲ್ಲಿ ರಾಜ ಮ್ಯಾಕ್ಸ್ ಯೋಸೆಫ್ ಇಲ್ಲಿಗೆ ವರ್ಗ ಮಾಡಿಸಿದರು. ತರಕಾರಿ, ಹಣ್ಣು, ಚೀಸ್, ಜೇನು, ಮೀನು, ಮಾಂಸ, ಹೂವು, ಮಸಾಲೆ, ಹೀಗೆ ನೂರಕ್ಕೂ ಹೆಚ್ಚು ಅಂಗಡಿಗಳು. ಜಾಗ ನಗರಸಭೆಯದು, ವ್ಯಾಪಾರ ಬಾಡಿಗೆದಾರರದು. ಅಪ್ಪ ಅಮ್ಮನಿಂದ ಮಕ್ಕಳಿಗೆ ಬಂದ ಅಂಗಡಿಗಳು ಎಷ್ಟೋ ಇವೆ. ಊರಲ್ಲಿ ಅತಿ ದುಬಾರಿ ನೆಲ ಇದು. ಮಾಲ್ ಕಟ್ಟಿದರೆ ಎಷ್ಟು ಹಣ ಬರುತ್ತಿತ್ತೋ. ಆದರೂ ಇಲ್ಲಿ ಮೂಲಂಗಿ ಮಾರುತ್ತಾರೆ.

ಅಮ್ಮ ಬಂದಿದ್ದಾಗ ಅವರನ್ನು ಮೊದಲು ಕರೆದುಕೊಂಡು ಹೋದದ್ದು ಈ ಸಂತೆಗೆ. ಅಮ್ಮ ದೇವರಾಜ ಮಾರುಕಟ್ಟೆಯ ಗಿರಾಕಿ. ಚಿಗುರೆಲೆ ಎಣಿಸಿ ತೆಗೆದುಕೊಳ್ಳುವವರು, ಮಲ್ಲಿಗೆ ಮೊಳ ಹಾಕುವಾಗ ಹೂವಾಡಗಿತ್ತಿಯ ಮೊಳಕೈ ಮೇಲೆ ಕಣ್ಣಿಡುವವರು. ಇಲ್ಲಿ ಟೊಮೇಟೊ ಕೈಗೆತ್ತಿಕೊಂಡು ಒತ್ತಿ ನೋಡಿದರು. ಅಂಗಡಿಯಾಕೆ ಒಳಗಿಂದ ಬಂದು, ನಗುತ್ತಲೇ, ಆದರೆ ಗಟ್ಟಿಯಾಗಿ, ಮುಟ್ಟಬಾರದು ಅಂದರು. ಬೇಕಾದ್ದು ಹೇಳಿ, ನಾನೇ ಆರಿಸಿ ಕೊಡುತ್ತೇನೆ ಅಂದರು.

"ಮುಟ್ಟದೆ ಹೇಗೋ ತಗೊಳ್ಳೋದು? ಅವಳು ಕೊಳೆತಿದ್ದು ಹಾಕಿದ್ರೆ?" ಅಂದರು ಅಮ್ಮ ನನಗೆ ಕನ್ನಡದಲ್ಲಿ.

"ಹಾಕಲ್ಲಮ್ಮ. ಇವತ್ತಿಗಾ ನಾಳೆಗಾ ಅಂತ ಕೇಳಿ ಅದಕ್ಕೆ ತಕ್ಕಂತೆ ಆರಿಸ್ತಾರೆ."

ನಿಜವಾಗಿಯೂ ಆಕೆ ಕೇಳಿದರು: ಇವತ್ತು ಸಂಜೆಗೋ, ಎರಡು ದಿನ ಬಿಟ್ಟೋ? ಅಮ್ಮನಿಗೆ ಸಮಾಧಾನವಾಯಿತು, ಆದರೆ ಪೂರ್ತಿ ಅಲ್ಲ. "ಚೌಕಾಸಿ ಇಲ್ಲ, ಮಾತಿಲ್ಲ. ಇದೇನು ಸಂತೆನಪ್ಪ?" ಅಂದರು. ಅವರ ಮಾತಿನಲ್ಲಿ ಸತ್ಯವಿದೆ. ನಮ್ಮ ಮಾರುಕಟ್ಟೆಯಲ್ಲಿ ಬೆಲೆಯ ಮಾತಿನಿಂದ ಶುರುವಾಗಿ ಮಗಳ ಮದುವೆಯವರೆಗೂ ಹರಟೆ ಹೋಗುತ್ತದೆ. ಇಲ್ಲಿ ಮಾತು ಇಲ್ಲ ಅಂತಲ್ಲ. ವರ್ಷಗಳಿಂದ ಬರುವ ಗಿರಾಕಿಗಳ ಜೊತೆ ಬವೇರಿಯಾದ ಆಡುಮಾತಲ್ಲಿ ಚೆನ್ನಾಗಿಯೇ ಹರಟುತ್ತಾರೆ. ಆದರೆ ಹೊಸಬರಿಗೆ ಆ ಬಾಗಿಲು ತೆರೆಯಲು ಸಮಯ ಬೇಕು. ದೇವರಾಜ ಮಾರುಕಟ್ಟೆ ಮೊದಲ ದಿನವೇ "ಬನ್ನಿ ಅಕ್ಕ" ಅನ್ನುತ್ತದೆ. ಆ ಕರೆ ನಮ್ಮ ಆಸ್ತಿ.

ಸಂತೆಯ ನಡುವೆ ಕುದುರೆ ಚೆಸ್ಟ್‌ನಟ್ ಮರಗಳ ಕೆಳಗೆ ಬಿಯರ್ ಗಾರ್ಡನ್ ಇದೆ. ನಾನು ಬಿಯರ್ ಕುಡಿಯುವವನಲ್ಲ. ಆದರೂ ಅಲ್ಲಿ ಕೂರುವುದು ನನಗೆ ಬಹಳ ಇಷ್ಟ. ಬವೇರಿಯಾದ ಹಳೇ ಪದ್ಧತಿ ಏನೆಂದರೆ, ಬಿಯರ್ ಗಾರ್ಡನ್‌ಗೆ ಮನೆಯ ಊಟವನ್ನು ಕಟ್ಟಿಕೊಂಡು ಹೋಗಬಹುದು. ಕುಡಿಯುವುದನ್ನು ಮಾತ್ರ ಅಲ್ಲಿಯೇ ಕೊಳ್ಳಬೇಕು. ನಾವು ಒಂದು ಬಾಟಲಿ ಸೇಬಿನ ರಸ ತೆಗೆದುಕೊಂಡು ಚಪಾತಿ, ಪಲ್ಯ ಬಿಚ್ಚಿದೆವು. ಉದ್ದ ಬೆಂಚು. ಒಂದು ತುದಿಯಲ್ಲಿ ಸೂಟು ಹಾಕಿದ ಬ್ಯಾಂಕಿನವರು, ನಡುವೆ ನಾವು, ಇನ್ನೊಂದು ತುದಿಯಲ್ಲಿ ಕೆಲಸದ ಬಟ್ಟೆಯಲ್ಲೇ ಬಂದ ರಸ್ತೆ ಕೂಲಿಯವರು. ಯಾರೂ ಯಾರನ್ನೂ ಏಳಿ ಅನ್ನಲಿಲ್ಲ. ಊರ ನಡುವೆ, ಅತಿ ಬೆಲೆಯ ಜಾಗದಲ್ಲಿ, ಕಡಿಮೆ ದುಡ್ಡಿನವನೂ ಗಂಟೆಗಟ್ಟಲೆ ಕೂರಬಹುದು. ನಮ್ಮ ಊರುಗಳ ನಡುವೆ ಅಂಥ ಜಾಗ ಎಲ್ಲಿದೆ? ದೇವಸ್ಥಾನದ ಜಗಲಿ ಇದೆ, ಅರಳಿಕಟ್ಟೆ ಇತ್ತು. ಬೆಂಗಳೂರಿನ ಚರ್ಚ್ ಸ್ಟ್ರೀಟಿನಲ್ಲಿ ಏನೂ ಕೊಳ್ಳದೆ ಅರ್ಧ ಗಂಟೆ ಕೂರಬೇಕೆಂದರೆ ಜಾಗ ಹುಡುಕಬೇಕು.

ಭಾನುವಾರದ ಬಗ್ಗೆ ನಮ್ಮವರೆಲ್ಲ ಗೊಣಗುತ್ತಾರೆ. ಕಾನೂನಿನ ಪ್ರಕಾರ ಅಂಗಡಿಗಳು ಬಂದ್. ವಾರದ ದಿನಗಳಲ್ಲೂ ರಾತ್ರಿ ಎಂಟಕ್ಕೆ ಬಾಗಿಲು. ಹಾಲು ಮುಗಿದರೆ ರೈಲು ನಿಲ್ದಾಣಕ್ಕೆ ಓಡಬೇಕು. ಮೊದಮೊದಲು ಕಷ್ಟವೇ. ಆದರೆ ಭಾನುವಾರ ಸಂಜೆ ಹಳೇ ಊರಿಗೆ ಹೋಗಿ ನೋಡಿ. ಅಂಗಡಿ ಮುಚ್ಚಿದ್ದರೂ ಬೀದಿ ತುಂಬಾ ಜನ. ಹೋಫ್‌ಗಾರ್ಟನ್ ಅನ್ನುವ ಅರಮನೆ ತೋಟದ ನಡುಮಂಟಪದಲ್ಲಿ ಬೇಸಿಗೆ ಸಂಜೆಗಳಲ್ಲಿ ಜೋಡಿಗಳು ಟ್ಯಾಂಗೋ ಕುಣಿಯುತ್ತವೆ. ಪಕ್ಕದ ಜಲ್ಲಿ ನೆಲದಲ್ಲಿ ಮುದುಕರು ಕಬ್ಬಿಣದ ಚೆಂಡು ಎಸೆಯುವ ಆಟ ಆಡುತ್ತಾರೆ. ಕಾರ್ಲ್ಸ್‌ಪ್ಲಾಟ್ಸ್‌ನ ಕಾರಂಜಿಯಲ್ಲಿ ಮಕ್ಕಳು ನೆನೆಯುತ್ತಾರೆ. ಊರ ನಡುವೆ ಬರುವುದಕ್ಕೆ ಕೊಳ್ಳುವುದು ಒಂದೇ ಕಾರಣ ಅಲ್ಲ ಅನ್ನುವುದು ಆ ದಿನ ಗೊತ್ತಾಗುತ್ತದೆ. ನಮ್ಮಲ್ಲೂ ಭಾನುವಾರ ಅಂಗಡಿ ಮುಚ್ಚಲಿ ಅಂತ ನಾನು ಹೇಳುವುದಿಲ್ಲ. ದಿನದ ದುಡಿಮೆಯಲ್ಲೇ ಬದುಕುವ ಲಕ್ಷಾಂತರ ಜನಕ್ಕೆ ಅದು ಅನ್ಯಾಯ. ಅಂಗಡಿಯ ಹುಡುಗರಿಗೆ ವಾರಕ್ಕೊಂದು ರಜೆ ಗಟ್ಟಿಯಾಗಿ ಸಿಗಲಿ, ಅಷ್ಟು ಸಾಕು.

ಒಂದು ವಿಷಯದಲ್ಲಿ ಮಾತ್ರ ಮ್ಯೂನಿಕ್ ನನಗೆ ಮೇಷ್ಟರು. ತನ್ನ ಕೆಟ್ಟ ನೆನಪನ್ನು ಊರ ನಡುವೆಯೇ ಇಟ್ಟುಕೊಂಡಿದೆ. 1938ರ ಜೂನ್‌ನಲ್ಲಿ ಹಿಟ್ಲರನ ಮಾತಿನಂತೆ ಇಲ್ಲಿನ ಮುಖ್ಯ ಯಹೂದಿ ಪ್ರಾರ್ಥನಾ ಮಂದಿರವನ್ನು ಕೆಡವಿದರು. ಅದೇ ವರ್ಷ ನವೆಂಬರ್ 9ರ ರಾತ್ರಿ ಹಿಟ್ಲರನ ಮಂತ್ರಿ ಗೋಬೆಲ್ಸ್ ಹಳೇ ನಗರಸಭೆಯ ಸಭಾಂಗಣದಲ್ಲಿ ಮಾಡಿದ ಭಾಷಣದಿಂದಲೇ ದೇಶದ ತುಂಬಾ ಯಹೂದಿಗಳ ಮೇಲೆ ದಾಳಿ ಶುರುವಾಯಿತು. ಮರಿಯೆನ್‌ಪ್ಲಾಟ್ಸ್‌ನಲ್ಲಿ ಪ್ರವಾಸಿಗಳು ಫೋಟೋ ತೆಗೆಯುವ ಅದೇ ಚಂದದ ಕಟ್ಟಡ. 2006ರಲ್ಲಿ, ನವೆಂಬರ್ 9ರಂದೇ, ಹತ್ತಿರದ ಯಾಕೋಬ್ಸ್‌ಪ್ಲಾಟ್ಸ್‌ನಲ್ಲಿ ಹೊಸ ಮಂದಿರ ತೆರೆಯಿತು. ಊರ ಹೊರಗೆ ಎಲ್ಲೋ ಅಲ್ಲ, ಹಳೇ ಊರಿನ ಒಳಗೆ. ಅದರ ಕೆಳಗಿನ ದಾರಿಯ ಗೋಡೆಯ ಮೇಲೆ ಕೊಲೆಯಾದ 4,500ಕ್ಕೂ ಹೆಚ್ಚು ಮ್ಯೂನಿಕ್ ಯಹೂದಿಗಳ ಹೆಸರಿದೆ. ಓಡಿಯೋನ್ಸ್‌ಪ್ಲಾಟ್ಸ್‌ನ ಹಿಂದಿನ ಒಂದು ಸಣ್ಣ ಗಲ್ಲಿಯಲ್ಲಿ ನೆಲದ ಕಲ್ಲುಗಳ ನಡುವೆ ಕಂಚಿನ ಗೆರೆ ಹಾಕಿದ್ದಾರೆ. ನಾಜಿ ಸ್ಮಾರಕಕ್ಕೆ ಕೈ ಎತ್ತಿ ನಮಸ್ಕರಿಸುವುದನ್ನು ತಪ್ಪಿಸಲು ಜನ ಬಳಸು ಹಾಕಿಕೊಂಡು ಹೋಗುತ್ತಿದ್ದ ಗಲ್ಲಿ ಅದು. ಹೆಸರಿಲ್ಲದ ಆ ಜನಕ್ಕೂ ಒಂದು ಗುರುತು.

ನಮ್ಮ ಪೇಟೆಗೂ ಅಂಥ ನೆನಪುಗಳಿವೆ. 1791ರ ಮಾರ್ಚ್‌ನಲ್ಲಿ ಕಾರ್ನ್‌ವಾಲಿಸ್‌ನ ಸೇನೆ ಮೊದಲು ಪೇಟೆಯನ್ನು, ಆಮೇಲೆ ಕೋಟೆಯನ್ನು ಹಿಡಿಯಿತು. ಬೀದಿ ಬೀದಿಯಲ್ಲಿ ಕಾದಾಟ ನಡೆಯಿತು. ಕೋಟೆ ಒಡೆದ ಜಾಗಕ್ಕೆ ಬ್ರಿಟಿಷರು ತಮ್ಮ ಗೆಲುವಿನ ಕಲ್ಲು ನೆಟ್ಟಿದ್ದಾರೆ. ಕೆ.ಆರ್. ಮಾರ್ಕೆಟ್ ಕಡೆ ಓಡಾಡುವವರಲ್ಲಿ ಎಷ್ಟು ಜನ ಅದನ್ನು ನೋಡಿದ್ದಾರೆ? ಸತ್ತ ನಮ್ಮವರಿಗೆ ಅಲ್ಲಿ ಒಂದು ಸಾಲು ಬರೆಯುವುದು ಯಾರಿಗೂ ಭಾರವಾಗಬಾರದು, ಅಲ್ವಾ?

ಮ್ಯೂನಿಕ್‌ನಲ್ಲಿ ಎಲ್ಲವೂ ಸರಿ ಇದೆ ಅಂದುಕೊಳ್ಳಬೇಡಿ. ಇಲ್ಲಿನ ಹಳೇ ಊರಿನ ದೊಡ್ಡ ಕೊರತೆ ಮನೆಗಳು. ಪಕ್ಕದ ಲೇಹೆಲ್ ಭಾಗವನ್ನು ಸೇರಿಸಿದರೂ ಈ ವಾರ್ಡಿನಲ್ಲಿ ವಾಸ ಇರುವವರು ಸುಮಾರು 20 ಸಾವಿರ. ಬಾಡಿಗೆ ಕೊಡಲಾಗದೆ ಹಳಬರು ಹೊರಗೆ ಹೋಗಿದ್ದಾರೆ. ಕೌಫಿಂಗರ್ ಸ್ಟ್ರಾಸೆಯಲ್ಲಿ ನಿಂತರೆ ಯುರೋಪಿನ ಯಾವ ಊರಲ್ಲಿದ್ದೀರಿ ಅಂತ ಅಂಗಡಿಗಳ ಬೋರ್ಡಿನಿಂದ ಗೊತ್ತಾಗುವುದಿಲ್ಲ, ಎಲ್ಲ ಕಡೆಯೂ ಅವೇ ಬ್ರ್ಯಾಂಡು. ಸಂತ ಮೈಕೆಲ್ ಚರ್ಚಿನ ಪಕ್ಕದ ಆಲ್ಟೆ ಅಕಾಡೆಮಿ ಕಟ್ಟಡ, 16ನೇ ಶತಮಾನದಲ್ಲಿ ಜೆಸ್ಯುಟ್ ಪಾದ್ರಿಗಳಿಗಾಗಿ ಕಟ್ಟಿಸಿದ್ದು. ಅದನ್ನು ದೀರ್ಘಾವಧಿಗೆ ಸಿಗ್ನಾ ಅನ್ನುವ ರಿಯಲ್ ಎಸ್ಟೇಟ್ ಕಂಪನಿಯ ಕೈಗೆ ಕೊಟ್ಟರು. 2023ರ ಕೊನೆಗೆ ಕಂಪನಿ ದಿವಾಳಿಯಾಯಿತು, ಊರಿನ ಮುಖ್ಯ ಬೀದಿಯಲ್ಲಿ ಅರ್ಧಕ್ಕೆ ನಿಂತ ಕಟ್ಟಡ ಉಳಿಯಿತು. ನಗರಸಭೆಯ ಹಿಂದಿನ ಮರಿಯೆನ್‌ಹೋಫ್ ಹುಲ್ಲುಹಾಸು ಈಗ ದೊಡ್ಡ ಗುಂಡಿ. ಎಸ್-ಬಾನ್‌ಗೆ ಎರಡನೇ ಸುರಂಗ ತೋಡುತ್ತಿದ್ದಾರೆ. 2017ರಲ್ಲಿ ಶುರು, 2026ಕ್ಕೆ ಮುಗಿಯುತ್ತದೆ ಅಂದಿದ್ದರು. ಈಗ 2035 ದಾಟಬಹುದು ಅನ್ನುತ್ತಾರೆ. ಸುಮಾರು 3.8 ಶತಕೋಟಿ ಯೂರೋ ಅಂದಿದ್ದ ಖರ್ಚು 7 ಶತಕೋಟಿ ದಾಟಿದೆ. ನಮ್ಮ ಮೆಟ್ರೋ ತಡವಾದಾಗ "ಇಂಡಿಯಾದಲ್ಲಿ ಮಾತ್ರ ಹೀಗೆ" ಅನ್ನುವವರಿಗೆ ನಾನು ಆ ಗುಂಡಿಯನ್ನು ತೋರಿಸುತ್ತೇನೆ.

ಊರ ನಡುವೆ ಜನ ವಾಸ ಇರುವ ವಿಷಯದಲ್ಲಿ ಬೆಂಗಳೂರಿನ ಪೇಟೆ ಮ್ಯೂನಿಕ್‌ಗಿಂತ ಶ್ರೀಮಂತ. ಅಂಗಡಿಯ ಮೇಲೆ ಮನೆ ಇದೆ, ಹಿತ್ತಲಲ್ಲಿ ಸಣ್ಣ ಕಾರ್ಖಾನೆ ಇದೆ, ಮೂಲೆಗೊಂದು ಗುಡಿ, ಪಕ್ಕದಲ್ಲೇ ಮಸೀದಿ, ಬಸದಿ. ಚೈತ್ರ ಹುಣ್ಣಿಮೆಯ ರಾತ್ರಿ ತಿಗಳರಪೇಟೆಯ ಧರ್ಮರಾಯ ದೇವಸ್ಥಾನದಿಂದ ಹೊರಟ ಕರಗ ಇಡೀ ಪೇಟೆ ಸುತ್ತಿ, ಅರಳೆಪೇಟೆಯ ತವಕ್ಕಲ್ ಮಸ್ತಾನ್ ದರ್ಗಾಕ್ಕೂ ಹೋಗಿ ಬರುತ್ತದೆ. ಜನ ರಾತ್ರಿಯೆಲ್ಲ ಬಾಗಿಲ ಮುಂದೆ ಕಾಯುತ್ತಾರೆ. ಮ್ಯೂನಿಕ್‌ನಲ್ಲಿ ಪೀಪಾಯಿ ಮಾಡುವವರ ಕುಣಿತ ಏಳು ವರ್ಷಕ್ಕೊಮ್ಮೆ ನಡೆಯುತ್ತದೆ. ಉಳಿದ ದಿನಗಳಲ್ಲಿ ನಗರಸಭೆ ಗೋಪುರದ ಗಡಿಯಾರದಲ್ಲಿ ಗೊಂಬೆಗಳು ಅದನ್ನು ಕುಣಿಯುತ್ತವೆ. ಬೆಳಗ್ಗೆ 11ಕ್ಕೆ ಆ ಗೊಂಬೆ ನೋಡಲು ಪ್ರವಾಸಿಗಳ ಗುಂಪು ಸೇರುತ್ತದೆ. ಕರಗ ನೋಡುವವರು ಆ ಬೀದಿಯವರೇ. ಇಷ್ಟು ಜೀವ ಇರುವ ನಡು ಊರನ್ನು ನಾವು ಹೊಗೆಗೂ ಹಾರ್ನಿಗೂ ಬಿಟ್ಟುಕೊಟ್ಟಿದ್ದೇವಲ್ಲ ಅಂತ ನನಗೆ ಸಂಕಟ.

ಹಾಗಾದರೆ ಏನು ಮಾಡಬೇಕು? ಪೇಟೆಯನ್ನು ಮ್ಯೂನಿಕ್ ಮಾಡುವುದು ಬೇಡ. ಆದರೆ ಸೆಂಡ್ಲಿಂಗರ್ ಸ್ಟ್ರಾಸೆಯಿಂದ ಒಂದು ಕ್ರಮ ಕಲಿಯಬಹುದು. ಅದು ಮರಿಯೆನ್‌ಪ್ಲಾಟ್ಸ್ ಕಡೆಯಿಂದ ದಕ್ಷಿಣಕ್ಕೆ ಹೋಗುವ ಹಳೇ ಅಂಗಡಿ ಬೀದಿ. 2016ರಲ್ಲಿ ಅದರ ಉಳಿದ ಭಾಗವನ್ನೂ ನಡೆಯುವವರಿಗೆ ಬಿಡುವ ಮಾತು ಬಂದಾಗ, ಮೊದಲು ಒಂದು ವರ್ಷ ಪ್ರಯೋಗ ಮಾಡಿದರು. ವಿರೋಧ ಇತ್ತು. ಮನೆಯವರ, ಅಂಗಡಿಯವರ ದೂರು ಕೇಳಿದರು. ಆಮೇಲೆ ಕಾಯಂ ಮಾಡಿದರು. ನಮ್ಮಲ್ಲೂ 2020ರ ನವೆಂಬರ್‌ನಿಂದ ಕೆಲವು ತಿಂಗಳು ಚರ್ಚ್ ಸ್ಟ್ರೀಟನ್ನು ವಾರಾಂತ್ಯಕ್ಕೆ ಮಾತ್ರ ವಾಹನ ಬಿಡದೆ ನಡೆಸಿದರು. ಜನ ತುಂಬಿ ಬಂದರು. ಪ್ರಯೋಗ ಮುಗಿಯಿತು, ಕಾರು ವಾಪಸ್ ಬಂತು. ಪ್ರಯೋಗ ಮಾಡುವ ಧೈರ್ಯ ನಮಗಿದೆ. ಅದರ ನಂತರದ ಹೆಜ್ಜೆ ಬೇಕು.

ಚಿಕ್ಕಪೇಟೆ ಚೌಕದ ಸುತ್ತ, ಅವೆನ್ಯೂ ರೋಡಿನ ಒಂದು ತುಂಡಿನಲ್ಲಿ, ಬೆಳಗ್ಗೆ 11ರಿಂದ ರಾತ್ರಿ 8ರವರೆಗೆ ಖಾಸಗಿ ವಾಹನ ನಿಲ್ಲಿಸಿ ನೋಡಬಹುದು. ಸರಕು ಇಳಿಸುವುದು ರಾತ್ರಿ ಮತ್ತು ಬೆಳಗ್ಗೆ. ಇಲ್ಲೂ ಹಾಗೇ, ಬೆಳಗ್ಗೆ ಹತ್ತರ ಹೊತ್ತಿಗೆ ಲಾರಿಗಳು ಬೀದಿ ಬಿಟ್ಟು ಹೊರಡುತ್ತವೆ. ತಳ್ಳುಗಾಡಿಯವರಿಗೂ ಹಮಾಲಿಗಳಿಗೂ ದಾರಿ ಇರಲೇಬೇಕು, ಪೇಟೆ ನಡೆಯುವುದೇ ಅವರ ಹೆಗಲ ಮೇಲೆ. ಬೀದಿಬದಿ ವ್ಯಾಪಾರಿಗಳನ್ನು ಎತ್ತಂಗಡಿ ಮಾಡಿ "ಅಂದ" ಮಾಡುವುದಾದರೆ ಈ ಕೆಲಸವೇ ಬೇಡ. ಅಲ್ಲಲ್ಲಿ ಕೂರಲು ಕಟ್ಟೆ, ನೆರಳು, ಕುಡಿಯುವ ನೀರು, ಹೆಂಗಸರಿಗೆ ಒಳ್ಳೆಯ ಶೌಚಾಲಯ. ಇಷ್ಟಕ್ಕೆ ದೊಡ್ಡ ಗುತ್ತಿಗೆ ಬೇಕಿಲ್ಲ.

ಬೇಕಾಗಿರುವುದು ಯಾರ ಹತ್ತಿರ ಹೋಗಿ ಕೇಳಬೇಕು ಅನ್ನುವುದಕ್ಕೆ ಉತ್ತರ. ಮ್ಯೂನಿಕ್‌ನಲ್ಲಿ 25 ವಾರ್ಡುಗಳಿವೆ. ಹಳೇ ಊರು ಮತ್ತು ಲೇಹೆಲ್ ಸೇರಿ ಮೊದಲನೇದು. ಪ್ರತಿ ವಾರ್ಡಿಗೂ ಆರು ವರ್ಷಕ್ಕೊಮ್ಮೆ ಜನ ಆರಿಸುವ ಸಮಿತಿ ಇದೆ. ವಾರ್ಡಿನ ನಾಗರಿಕರ ಸಭೆಯೂ ನಡೆಯುತ್ತದೆ. ಅಲ್ಲಿ ಎದ್ದು ನಿಂತು ಒಂದು ಬೆಂಚು ಬೇಕು, ಈ ಬೀದಿಯಲ್ಲಿ ವೇಗ ಕಡಿಮೆ ಮಾಡಿ ಅಂತ ಕೇಳಬಹುದು. ಸಭೆ ಒಪ್ಪಿದ ಮಾತನ್ನು ನಗರಸಭೆ ಮೂರು ತಿಂಗಳೊಳಗೆ ಕೈಗೆತ್ತಿಕೊಳ್ಳಲೇಬೇಕು ಅಂತ ಕಾನೂನೇ ಹೇಳುತ್ತದೆ. ಅಂಥ ಸಭೆಯಲ್ಲಿ ಕೂತು ಕೇಳಿದ್ದೇನೆ. ಕಸದ ಡಬ್ಬಿಯ ಬಗ್ಗೆ ಅರ್ಧ ಗಂಟೆ ಜಗಳ ನಡೆಯಿತು. ಬೇಸರ ತರಿಸುವ ಜಗಳ, ಆದರೆ ಊರು ನಡೆಯುವುದು ಅದರಿಂದಲೇ.

ಬೆಂಗಳೂರು ಪಾಲಿಕೆಯ ಆರಿಸಿ ಬಂದ ಸದಸ್ಯರ ಅವಧಿ 2020ರ ಸೆಪ್ಟೆಂಬರ್‌ನಲ್ಲಿ ಮುಗಿಯಿತು. ಆಮೇಲೆ ವರ್ಷಗಟ್ಟಲೆ ಚುನಾವಣೆ ಇಲ್ಲದೆ ಅಧಿಕಾರಿಗಳೇ ಊರು ನಡೆಸಿದರು. 2025ರಲ್ಲಿ ಪಾಲಿಕೆಯನ್ನು ಐದು ಹೋಳು ಮಾಡಿದರು. ಕರ್ನಾಟಕಕ್ಕೂ ಬವೇರಿಯಾಕ್ಕೂ 2007ರಿಂದ ರಾಜ್ಯ ಮಟ್ಟದ ಸಹಕಾರ ಇದೆ. ನಿಯೋಗಗಳು ಬರುತ್ತವೆ, ಹೋಗುತ್ತವೆ. ಮುಂದಿನ ಸಲ ಬರುವವರು ಮರಿಯೆನ್‌ಪ್ಲಾಟ್ಸ್‌ನಲ್ಲಿ ಫೋಟೋ ತೆಗೆಸಿಕೊಂಡ ಮೇಲೆ ಒಂದು ಸಂಜೆ ವಾರ್ಡ್ ಸಭೆಗೂ ಬರಲಿ. ಬೇಕಾದರೆ ಪಕ್ಕದಲ್ಲಿ ಕೂತು ನಾನೇ ಕನ್ನಡದಲ್ಲಿ ಹೇಳುತ್ತೇನೆ.